ಚೌಕಟ್ಟಿನ ಹಿಂದಿನ ಜಿರಳೆಗಳು

ಹಿಂಬಾಗಿಲಿನಿಂದ ಒಳಗೆ ಹೋಗಿ ಹಿಂಬಾಗಿಲಿನಿಂದಲೇ ಹೊರಗೆ ಬರುವ ಕೆಲಸ ನಮ್ಮದು. ಚಳ್ಳಕೆರೆ, ಮೊಳಕಾಲ್ಮುರು ಎರಡೂ ಊರುಗಳ ಹೋಟೆಲು, ಬೇಕರಿ, ಲಾಡ್ಜು, ಎಣ್ಣೆ ಮಿಲ್ಲು, ಸೀರೆ ಅಂಗಡಿಗಳಲ್ಲಿ ಜಿರಳೆ ಔಷಧಿ ಹೊಡೆಯುತ್ತಾ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಕಳೆದೆ. ಅಷ್ಟು ವರ್ಷದಲ್ಲಿ ನನ್ನನ್ನು ಮುಂಬಾಗಿಲಿನಿಂದ ಒಳಗೆ ಕರೆದದ್ದು ಒಂದೇ ಹೋಟೆಲಿನವರು. ಅವರಿಗೇ ನಾನು ಮಾಡಬಾರದ ಒಂದು ತಪ್ಪು ಮಾಡಿದೆ. ಅದನ್ನು ಹೇಳುವ ಮೊದಲು ಮಿಕ್ಕದ್ದನ್ನೂ ಸ್ವಲ್ಪ ಹೇಳಬೇಕಾಗುತ್ತದೆ.

ಈಚೆಗೆ ದಾವಣಗೆರೆಯಲ್ಲಿ ಈ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಒಂದು ತರಬೇತಿ ನಡೆಯಿತು. ಹಳಬರು ಎರಡು ಮಾತು ಹೇಳಲಿ ಎಂದು ನನ್ನನ್ನೂ ಕರೆದಿದ್ದರು. ಎದುರಿಗೆ ಕೂತವರೆಲ್ಲ ನನಗಿಂತ ಹೆಚ್ಚು ಓದಿದವರು. ಯಾವ ಔಷಧಿ ಹುಳದ ನರಕ್ಕೆ ಏನು ಮಾಡುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ನಾನು ಹತ್ತು ನಿಮಿಷ ಮಾತಾಡಿ, ಹಾಕಿದ ಶಾಲು ಮಡಚಿಕೊಂಡು ಬಸ್ಸು ಹತ್ತಿದೆ. ಹೇಳಬೇಕಾದದ್ದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿ ಬಂದೆ ಎಂದು ಮನೆ ತಲುಪಿದ ಮೇಲೆ ಅನಿಸಿತು. ಆ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಜಿರಳೆ ಹಿಡಿಯಬೇಕೆಂದು ನಾನೇನೂ ಆಸೆಪಟ್ಟವನಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಚಳ್ಳಕೆರೆಯ ನಂಜುಂಡಪ್ಪನವರ ಬೀಜ, ಗೊಬ್ಬರ, ಕ್ರಿಮಿನಾಶಕದ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಶೇಂಗಾ ಬೆಳೆಗೆ ಬರುವ ಹುಳದ ಬಗ್ಗೆ ಪರಶುರಾಂಪುರದ ಕಡೆಯ ರೈತರು ಕೇಳಿದ್ದಕ್ಕೆ ಬಾಟಲಿ ತೆಗೆದುಕೊಡುವುದು, ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುವುದು ನನ್ನ ಪಾಲಿನ ಕೆಲಸ. ಒಂದು ದಿನ ಎಣ್ಣೆ ಮಿಲ್ಲಿನ ಸಾಹುಕಾರರು ಅಂಗಡಿಗೆ ಬಂದು, ಮಿಲ್ಲಿನ ಆಫೀಸಿನಲ್ಲಿ ಲೆಡ್ಜರ್ ಪುಸ್ತಕದ ಬೆನ್ನಿಗೆ ಹಾಕಿದ ಗೋಂದನ್ನು ಜಿರಳೆ ತಿಂದು ಹಾಳೆಗಳು ಉದುರುತ್ತಿವೆ, ಏನಾದರೂ ಮಾಡಿ ಅಂದರು. ನಂಜುಂಡಪ್ಪನವರು ನನ್ನ ಕಡೆ ತಿರುಗಿ, "ಲೇ ತಿಪ್ಪೇಶಿ, ಹೋಗಿ ಹೊಡ್ದು ಬಾರ್ಲೇ" ಅಂದರು. ನನ್ನ ನೇಮಕಾತಿ ಆದೇಶ ಅಷ್ಟೇ.

ಮಿಲ್ಲಿನಲ್ಲಿ ಕೆಲಸ ಕೈಗೂಡಿತು. ಅಮಾವಾಸ್ಯೆಯ ದಿನ ಪೂಜೆ ಮಾಡಿ ಮಿಲ್ಲು ನಿಲ್ಲಿಸುತ್ತಿದ್ದರು, ಯಾರೂ ಇರುತ್ತಿರಲಿಲ್ಲ, ಆರಾಮಾಗಿ ಹೊಡೆದು ಬಂದೆ. ಅದೇ ಧೈರ್ಯದ ಮೇಲೆ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲಿಗೆ ಹೋದೆ. ಹೊಲಕ್ಕೆ ಹೊಡೆಯುವ ಔಷಧಿಯನ್ನೇ ಅಡುಗೆಮನೆಗೂ ಹೊಡೆದೆ. ಆವಾಗ ನನಗೆ ಹುಳ ಅಂದರೆ ಹುಳ, ಔಷಧಿ ಅಂದರೆ ಔಷಧಿ. ಮಾರನೆಯ ದಿನ ಬೆಳಿಗ್ಗೆ ಮೊದಲ ತಟ್ಟೆ ಇಡ್ಲಿ ಹೊರಗೆ ಹೋದದ್ದು ಹಾಗೇ ಒಳಗೆ ವಾಪಸ್ಸು ಬಂತು. ಇಡ್ಲಿ ಬಟ್ಟೆಗೆ ಔಷಧಿಯ ವಾಸನೆ ಹತ್ತಿತ್ತು. ಯಾರೂ ತಿನ್ನಲಿಲ್ಲ, ಅದು ನನ್ನ ಪುಣ್ಯ. ರುಬ್ಬಿದ ಹಿಟ್ಟೆಲ್ಲ ಚರಂಡಿಗೆ ಹೋಯಿತು, ಮೂರು ದಿನ ಹೋಟೆಲು ತೊಳೆಯುವುದೇ ಆಯಿತು.

ನಂಜುಂಡಪ್ಪನವರು ನನ್ನನ್ನು ಕರೆದು ಗಿರಾಕಿಗಳ ಎದುರಿಗೇ ಕೇಳಿದರು: "ನಿನ್ನ ಜಿರಳೆ ಸಾಯ್ಸಾಕೆ ಕಳ್ಸಿದ್ನೋ, ಊರು ಸಾಯ್ಸಾಕೆ ಕಳ್ಸಿದ್ನೋ?" ಆಮೇಲೆ ತಾವೇ ಹೋಗಿ ಹೋಟೆಲಿನವರ ಕೈ ಹಿಡಿದು ಮಾತಾಡಿ ಬಂದರು. ನನಗೆ ಬಿದ್ದದ್ದು ಅವರ ಬೈಗುಳ ಮಾತ್ರ, ಹೊರಗಿನವರ ಮಾತು ಕೇಳಿಸಿಕೊಂಡದ್ದು ಅವರು. ಮುಂದೆ ಎಷ್ಟೋ ಜನ ಮೇಲಿನವರನ್ನು ಕಂಡೆ, ಇದನ್ನು ತಲೆಕೆಳಗು ಮಾಡಿದವರೇ ಹೆಚ್ಚು.

ಅಲ್ಲಿಂದ ಮೇಲೆ ಜಿರಳೆಯನ್ನು ಸರಿಯಾಗಿ ನೋಡಲು ಶುರು ಮಾಡಿದೆ. ನಮ್ಮ ಕಡೆ ಎರಡು ಜಾತಿ. ಒಂದು ಹೆಬ್ಬೆರಳಿನಷ್ಟು ದೊಡ್ಡದು, ಕೆಂಪುಗಂದು, ಚರಂಡಿಯಿಂದ ಬರುವಂಥದ್ದು. ಅದನ್ನು ಕಂಡು ಜನ ಕಿರುಚುತ್ತಾರೆ, ಆದರೆ ಚರಂಡಿಯ ಬಾಯಿಗೆ ಜಾಲರಿ ಹಾಕಿ ಸಂದು ಮುಚ್ಚಿದರೆ ಅರ್ಧ ಕೆಲಸ ಮುಗಿಯಿತು. ಇನ್ನೊಂದು ಸಣ್ಣದು, ಕತ್ತಿನ ಮೇಲೆ ಎರಡು ಕಪ್ಪು ಗೆರೆ. ಅದನ್ನು ನೋಡಿ ಯಾರೂ ಕಿರುಚುವುದಿಲ್ಲ. ಹೋಟೆಲು ಮುಚ್ಚಿಸುವುದು ಅದೇ. ಸೋಡಾ ಕ್ರೇಟಿನಲ್ಲೋ ಮೊಟ್ಟೆ ಟ್ರೇನಲ್ಲೋ ಒಂದೆರಡು ಬಂದು ಇಳಿಯುತ್ತವೆ. ಬೆಚ್ಚಗಿರಬೇಕು, ಇಕ್ಕಟ್ಟಾಗಿರಬೇಕು, ಯಾರೂ ಅಲ್ಲಾಡಿಸದ ಜಾಗ ಬೇಕು. ಹೆಣ್ಣು ಜಿರಳೆ ಮೊಟ್ಟೆಯ ಚೀಲವನ್ನು ಮರಿ ಹೊರಡುವವರೆಗೂ ಬಾಲದಲ್ಲೇ ಹೊತ್ತು ತಿರುಗುತ್ತದೆ. ನಮ್ಮ ಔಷಧಿ ಆ ಚೀಲದೊಳಗೆ ಇಳಿಯುವುದಿಲ್ಲ. ಆದ್ದರಿಂದಲೇ ಇಪ್ಪತ್ತು ದಿನ ಬಿಟ್ಟು ಎರಡನೇ ಸಲ ಹೋಗಲೇಬೇಕು. ಮೊದಲ ಸಲ ಸತ್ತ ರಾಶಿ ನೋಡಿ ಮಾಲೀಕರು ಖುಷಿಪಟ್ಟು, "ಎಲ್ಲಾ ಸತ್ತೋದ್ವಲ್ಲ, ಮತ್ಯಾಕೆ ಬರ್ತೀಯಾ?" ಅನ್ನುತ್ತಾರೆ. ಆ ಮಾತಿಗೆ ಮರುಳಾಗಬೇಡಿ.

ಅದರಿಂದ ಅಪಾಯವೇನು ಎಂದೂ ಕೇಳುತ್ತಾರೆ. ಅದು ಕಚ್ಚುವುದಿಲ್ಲ, ಕುಟುಕುವುದಿಲ್ಲ. ಬಚ್ಚಲಿನಲ್ಲಿ ಓಡಾಡಿದ ಕಾಲಿನಲ್ಲೇ ಚಟ್ನಿ ಬೋಗುಣಿಯ ಅಂಚಿನಲ್ಲೂ ಓಡಾಡುತ್ತದೆ. ಹೊಟ್ಟೆ ಕೆಟ್ಟವನು ನೀರಿನ ಮೇಲೆ, ಎಣ್ಣೆಯ ಮೇಲೆ ತಪ್ಪು ಹೊರಿಸುತ್ತಾನೆ, ಜಿರಳೆಯ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಹೆಸರು ಬಾಯಲ್ಲಿ ಬರಬಾರದು ಎಂಬುದೇ ಈ ವ್ಯಾಪಾರದ ದೊಡ್ಡ ತೊಡಕು. ಚಳ್ಳಕೆರೆಯ ಒಂದು ಲಾಡ್ಜಿನ ಮಾಲೀಕರು ಪಂಪನ್ನು ಅಕ್ಕಿ ಚೀಲದಲ್ಲಿ ಹಾಕಿಕೊಂಡು ಬಾ ಅನ್ನುತ್ತಿದ್ದರು. ಕೆಳಗೆ ಊಟದ ಮನೆ, ಮೇಲೆ ರೂಮುಗಳು. ಯಾರಾದರೂ ಕೇಳಿದರೆ ಬಣ್ಣ ಹೊಡೆಯುವವನು ಅನ್ನಬೇಕು. "ನಮ್ಮಲ್ಲಿ ಜಿರಳೆ ಇಲ್ಲಪ್ಪಾ, ಆದ್ರೂ ಒಂದ್ಸಲ ಹೊಡ್ದು ಹೋಗು" ಎಂದು ಅವರು ಹೇಳುವಾಗ ಅವರ ಹಿಂದಿನ ಗೋಡೆಯ ಮೇಲೆ ಒಂದು ಹಾದುಹೋಗುತ್ತಿತ್ತು. ನಾನೂ ನೋಡದವನಂತೆ ತಲೆಯಾಡಿಸುತ್ತಿದ್ದೆ. ಇಂಥ ಕಡೆ ಕೆಲಸ ಎಂದೂ ಪೂರ್ತಿಯಾಗುವುದಿಲ್ಲ. ಇಲ್ಲ ಅಂದ ಮೇಲೆ ಎಲ್ಲಿದೆ ಎಂದು ಕೇಳುವುದಾದರೂ ಹೇಗೆ?

ಬೇಕರಿಯದು ಇನ್ನೊಂದು ಕಥೆ. ಒಲೆ ಉರಿಯುತ್ತಲೇ ಇರುವ ಜಾಗದಲ್ಲಿ ಸೀಮೆಎಣ್ಣೆ ಬೆರೆತ ಔಷಧಿ ಹೊಡೆಯುವ ಹಾಗಿಲ್ಲ. ಬೋರಿಕ್ ಪುಡಿಗೆ ಸಕ್ಕರೆ, ಗೋಧಿಹಿಟ್ಟು, ಈರುಳ್ಳಿ ರಸ ಸೇರಿಸಿ ಗೋಲಿ ಕಟ್ಟಿ ಇಡುತ್ತಿದ್ದೆ. ಜಿರಳೆ ತಿಂದು ನಿಧಾನಕ್ಕೆ ಸಾಯುತ್ತದೆ. ಒಂದು ಬೇಕರಿಯಲ್ಲಿ ಗೋಲಿಗಳನ್ನು ಕಟ್ಟಿ, ಸಂದುಗಳಿಗೆ ಹಾಕುವ ಮೊದಲು ತಟ್ಟೆಯಲ್ಲಿಟ್ಟು ಕೈ ತೊಳೆಯಲು ಹೋದೆ. ಬರುವಷ್ಟರಲ್ಲಿ ಮಾಲೀಕರ ಅವ್ವ, ಎಂಬತ್ತರ ಮುದುಕಿ, ಒಂದನ್ನು ಬಾಯಿಗೆ ಹಾಕಿಕೊಂಡು ಉಗಿಯುತ್ತಿದ್ದರು. "ಇದೇನ್ ಉಂಡೆ ಮಾಡ್ಯಾರೋ ನಮ್ಮುಡುಗ್ರು, ಈರುಳ್ಳಿ ನಾತ ಹೊಡೀತೈತೆ" ಎಂದು ಬೈಯುತ್ತಿದ್ದರು. ಈರುಳ್ಳಿ ಹಾಕಿದ್ದರಿಂದ ಅವರು ಉಳಿದರು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದೆವು, ಏನೂ ಆಗಲಿಲ್ಲ. ಅವತ್ತಿನಿಂದ ಬಟ್ಟೆಗೆ ಹಾಕುವ ನೀಲಿಯನ್ನು ಹಿಟ್ಟಿಗೆ ಬೆರೆಸತೊಡಗಿದೆ. ನೀಲಿ ಉಂಡೆಯನ್ನು ಯಾವ ಮುದುಕಿಯೂ ಬಾಯಿಗೆ ಹಾಕುವುದಿಲ್ಲ.

ಮೊಳಕಾಲ್ಮುರಿನ ರೇಷ್ಮೆ ಸೀರೆ ಅಂಗಡಿಯವರು ಮೊದಲ ದಿನವೇ ನನ್ನ ಪಂಪನ್ನು ಹೊಸ್ತಿಲಾಚೆ ಇಡಿಸಿದರು. ಸೀರೆಯ ಗಂಜಿಗೆ, ಡಬ್ಬಿಯ ಅಂಟಿಗೆ ಜಿರಳೆ ಬರುತ್ತಿತ್ತು. ಆದರೆ ಸೀಮೆಎಣ್ಣೆಯ ಒಂದು ಹನಿ ಬಿದ್ದರೂ ಸೀರೆ ಹೋದಂತೆ. ನೇಯ್ದವನು ತಿಂಗಳುಗಟ್ಟಲೆ ಕೂತ ಮಗ್ಗದ ಕೆಲಸ ಒಂದು ಕಲೆಗೆ ಹಾಳಾಗುತ್ತದೆ. ಅಲ್ಲಿ ನಾನು ಕಪಾಟುಗಳನ್ನೆಲ್ಲ ಬರಿದು ಮಾಡಿಸಿ, ಸೀರೆಗಳನ್ನು ಬೇರೆ ಕೋಣೆಗೆ ಹೊರಿಸಿ, ಆಮೇಲೆ ಬ್ರಷ್ಷಿನಲ್ಲಿ ಅಷ್ಟಷ್ಟೇ ಹಚ್ಚುತ್ತಿದ್ದೆ. ಸೀಮೆಎಣ್ಣೆ ಕಾಗದ, ರಟ್ಟು, ಬಟ್ಟೆ ಎಲ್ಲದರೊಳಗೂ ಹಬ್ಬುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಓಬಳಮ್ಮನವರ ಹೋಟೆಲು ಮೊಳಕಾಲ್ಮುರಿನಲ್ಲಿ ರಾಯದುರ್ಗದ ಕಡೆ ಹೋಗುವ ರಸ್ತೆಯಲ್ಲಿತ್ತು. ಬೆಳಿಗ್ಗೆ ಇಡ್ಲಿ, ಮಂಡಕ್ಕಿಯ ಉಗ್ಗಾಣಿ, ಮಧ್ಯಾಹ್ನ ಊಟ, ಸಂಜೆ ಮೆಣಸಿನಕಾಯಿ ಬಜ್ಜಿ. ಗಂಡ ಇಟ್ಟ ಹೋಟೆಲು. ಆತ ತೀರಿಕೊಂಡಾಗ ಮಗ ಇನ್ನೂ ತೊಟ್ಟಿಲಲ್ಲಿದ್ದನಂತೆ. ಅಂದಿನಿಂದ ಓಬಳಮ್ಮನವರೇ ಒಲೆ ಮುಂದೆ ನಿಂತು, ಗಲ್ಲಾ ಮೇಲೂ ಕೂತು ನಡೆಸಿಕೊಂಡು ಬಂದಿದ್ದರು. ಅವರ ತವರು ಆಂಧ್ರದ ಕಡೆ. ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ಜಿರಳೆಗೆ ಬೊದ್ದಿಂಕ ಅನ್ನುತ್ತಿದ್ದರು, ನಾವು ಅಪ್ಪಾ ಅನ್ನುವ ಹಾಗೆ ನನಗೆ ನಾಯ್ನಾ ಅನ್ನುತ್ತಿದ್ದರು.

ಊಟಕ್ಕೆ ಬಂದವರೊಬ್ಬರ ಸಾಂಬಾರಿನಲ್ಲಿ ಜಿರಳೆ ಸಿಕ್ಕಿತ್ತು. ದೂರು ಹೋಗಿ, ಹೆಲ್ತ್ ಇನ್ಸ್‌ಪೆಕ್ಟರ್ ಬಂದು ನೋಡಿ, ಹದಿನೈದು ದಿನದೊಳಗೆ ಜಿರಳೆ ಇಲ್ಲದಂತೆ ಮಾಡದಿದ್ದರೆ ಬಾಗಿಲು ಹಾಕಿಸುತ್ತೇನೆ ಎಂದು ನೋಟೀಸು ಕೊಟ್ಟಿದ್ದರು. ಆ ಮನುಷ್ಯನ ತಪ್ಪೇನೂ ಇಲ್ಲ, ಜಿರಳೆ ಇದ್ದದ್ದು ನಿಜ.

ನಾನು ಎಂದಿನಂತೆ ಪಂಪು ಹಿಡಿದು ಹಿಂದಿನ ಸಂದಿಗೆ ಹೋಗಿ ಬಾಗಿಲು ಬಡಿದೆ. ಓಬಳಮ್ಮನವರು ಬಾಗಿಲು ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾಕ್ ನಾಯ್ನಾ ಕಳ್ಳನಂಗೆ ಹಿಂದ್ಗಡೆಯಿಂದ ಬರ್ತೀಯಾ? ಮುಂದ್ಗಡೆಯಿಂದ ಬಾ."

"ಗಿರಾಕಿಗಳು ಕುಂತವ್ರೆ ಅಮ್ಮಾ."

"ಕುಂತಿರ್ಲಿ. ಬೊದ್ದಿಂಕ ಐತೆ ಅಂತ ಊರಿಗೆಲ್ಲ ಗೊತ್ತಾಗೈತೆ. ಔಷಧಿ ಹೊಡಿಸ್ತಾಳೆ ಅನ್ನೋದೂ ಗೊತ್ತಾಗ್ಲಿ."

ಹಾಗೆ ನಾನು ಮೊದಲ ಸಲ ಪಂಪನ್ನು ಎಲ್ಲರಿಗೂ ಕಾಣುವಂತೆ ಹಿಡಿದು ಒಂದು ಹೋಟೆಲಿನ ಮುಂಬಾಗಿಲು ದಾಟಿದೆ. ಒಲೆಯ ಹಿಂದೆ, ತೊಟ್ಟಿಯ ಕೆಳಗೆ, ಗೋಡೆಯ ಬಿರುಕು, ಗಲ್ಲಾಪೆಟ್ಟಿಗೆಯ ತಳ, ಎಲ್ಲ ಕಡೆ ಹೊಡೆದೆ. ರಾಶಿ ಬಿತ್ತು. "ಈ ಒಂದ್ ಬಾಗ್ಲು ಮುಚ್ಚಿದ್ರೆ ನಂಗೂ ನನ್ ಮಗಂಗೂ ಇನ್ನೊಂದ್ ಬಾಗ್ಲಿಲ್ಲ ನಾಯ್ನಾ" ಎಂದು ಅವರು ಹೇಳಿದ್ದು ಅವತ್ತೇ. ದೂರಿನ ಧ್ವನಿಯಲ್ಲ, ಉಪ್ಪು ಮುಗಿದಿದೆ ಎಂದು ಹೇಳಿದ ಹಾಗೆ ಹೇಳಿದರು.

ನಾಲ್ಕೇ ದಿನಕ್ಕೆ ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಫೋನು ಬಂತು. ಬೊದ್ದಿಂಕ ಮತ್ತೆ ಕಾಣಿಸಿಕೊಂಡಿವೆ. ಬಸ್ಸು ಹತ್ತಿ ಹೋಗಿ ಮತ್ತೆ ಹೊಡೆದೆ. ಮತ್ತೂ ಬಂದವು, ಎಲ್ಲ ಬಲಿತವೇ. ಮೊಟ್ಟೆಯ ಮರಿಗಳು ಇಷ್ಟು ಬೇಗ ಇಷ್ಟು ದೊಡ್ಡವಾಗುವುದಿಲ್ಲ. ಅಂದರೆ ಗೂಡೊಂದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇನ್ಸ್‌ಪೆಕ್ಟರ್ ಬರುವ ಹಿಂದಿನ ದಿನ ಮಧ್ಯಾಹ್ನ ಮತ್ತೆ ಹೋದೆ. ಊಟದ ಹೊತ್ತು ಮುಗಿದು ಬೆಂಚುಗಳು ಖಾಲಿಯಾಗಿದ್ದವು. ಇವತ್ತು ಹೊಡೆಯುವುದಿಲ್ಲ, ಕೂತು ನೋಡುತ್ತೇನೆ ಅಂದೆ. ಗಲ್ಲಾದ ಎದುರಿನ ಬೆಂಚಿನಲ್ಲಿ ಕೂತೆ.

ಗಲ್ಲಾದ ಮೇಲೆ ಓಬಳಮ್ಮನವರ ಗಂಡನ ಫೋಟೊ ಇತ್ತು. ಆಗೆಲ್ಲ ಸಣ್ಣ ಫೋಟೊವನ್ನು ಸ್ಟುಡಿಯೋಗೆ ಕೊಟ್ಟರೆ ದೊಡ್ಡದು ಮಾಡಿ, ಮೇಲೆ ಕೈಯಲ್ಲಿ ಬಣ್ಣ ಬರೆದು, ಗಾಜು ಹಾಕಿ ಕೊಡುತ್ತಿದ್ದರು. ಅಂಥದ್ದು. ಅದಕ್ಕೊಂದು ಗಂಧದ ಹಾರ, ಮುಂದೆ ಸದಾ ಉರಿಯುವ ಕೆಂಪು ಝೀರೋ ಬಲ್ಬು. ತುಂಬ ಹೊತ್ತು ಅತ್ತ ನೋಡುತ್ತಾ ಕೂತಿದ್ದೆ. ಚೌಕಟ್ಟಿನ ಕೆಳಗಿನ ಗೋಡೆಯ ಮೇಲೆ ಕರಿಮೆಣಸಿನ ಪುಡಿ ಉದುರಿದಂತೆ ಚುಕ್ಕೆಗಳು ಕಂಡವು. ಓಬಳಮ್ಮನವರು ದಿನಾ ಅದನ್ನು ಊದುಬತ್ತಿಯ ಬೂದಿ ಎಂದು ಒರೆಸುತ್ತಿದ್ದರಂತೆ. ಬೂದಿಯಲ್ಲ, ಜಿರಳೆಯ ಹಿಕ್ಕೆ. ಬಲ್ಬಿನ ಬಿಸಿ, ರಟ್ಟಿಗೆ ಹಚ್ಚಿದ ಮೈದಾ ಅಂಟು, ಯಾರೂ ಅಲ್ಲಾಡಿಸದ ಜಾಗ. ಸಣ್ಣ ಜಿರಳೆಗೆ ಇದಕ್ಕಿಂತ ಇನ್ನೇನು ಬೇಕು? ಇಷ್ಟು ವರ್ಷ ಒಲೆಯ ಹಿಂದೆ ತಲೆ ತೂರಿಸಿದವನು ಒಂದು ದಿನವೂ ಗೋಡೆಯ ಮೇಲೆ ನೋಡಿರಲಿಲ್ಲ.

ಈಗ ಮಾಡಬೇಕಾದದ್ದು ಸುಲಭ. ಫೋಟೊ ಇಳಿಸಿ, ಹೊರಗೆ ಒಯ್ದು, ಹಿಂದಿನ ರಟ್ಟು ಬಿಚ್ಚಿ ಕೊಡವಬೇಕು. ಆದರೆ ನಾನು ಇದೇ ಸೀಮೆಯವನು. ನಮ್ಮ ಮನೆಯಲ್ಲಿ ಅಪ್ಪನ ಫೋಟೊವನ್ನು ವರ್ಷಕ್ಕೊಮ್ಮೆ ಹಿರಿಯರ ಹಬ್ಬಕ್ಕೆ ಮಾತ್ರ ಇಳಿಸುವುದು, ಅದೂ ಅವ್ವ ಸ್ನಾನ ಮಾಡಿ ಬಂದ ಮೇಲೆ. ಬೇರೆಯವರು ಮುಟ್ಟುವಂತಿಲ್ಲ. ವಿಷ ಹಿಡಿದ ಈ ಕೈಯಲ್ಲಿ ಇನ್ನೊಬ್ಬರ ಮನೆಯ ಹಿರಿಯರನ್ನು ಇಳಿಸುವುದೇ? ಇಳಿಸಿ ಎಂದು ಆ ಹೆಂಗಸನ್ನು ಕೇಳುವುದಕ್ಕೂ ಬಾಯಿ ಬರಲಿಲ್ಲ. ನಿಮ್ಮ ಯಜಮಾನರ ಹಿಂದೆಯೇ ಗೂಡು ಕಟ್ಟಿವೆ ಎಂದು ಯಾವ ಬಾಯಲ್ಲಿ ಹೇಳಲಿ? ಅಷ್ಟರಲ್ಲಿ ಅವರು ಹಿಟ್ಟಿನ ಗಿರಣಿಗೆ ಹೋಗಿ ಬರ್ತೀನಿ, ಹೋಟೆಲು ನೋಡ್ಕೋ ಎಂದು ಹೊರಟರು.

ಚಪ್ಪಲಿ ಬಿಟ್ಟು ಬೆಂಚು ಹತ್ತಿದೆ. ಫೋಟೊಕ್ಕೆ ಕೈ ಮುಗಿದೆ. ಪಂಪಿನ ಕೊಳವೆಯನ್ನು ಕೆಳಗಿನಿಂದ ಚೌಕಟ್ಟಿನ ಹಿಂದಕ್ಕೆ ತೂರಿಸಿ, ಫೋಟೊಕ್ಕೆ ಬೆರಳೂ ತಾಗದಂತೆ ಎಚ್ಚರ ವಹಿಸಿ, ನಾಲ್ಕು ಸಲ ಒತ್ತಿದೆ. ಗೋಡೆಯ ತುಂಬ ಇಳಿದವು. ಅಷ್ಟು ಸಣ್ಣ ಜಾಗದಿಂದ ಅಷ್ಟು ಜಿರಳೆ ಇಳಿದದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ. ಗುಡಿಸಿ ಒಲೆಗೆ ಹಾಕುವಷ್ಟರಲ್ಲಿ ಓಬಳಮ್ಮನವರು ಬಂದರು. ಮೊರದ ತುಂಬ ಇದ್ದದ್ದನ್ನು ನೋಡಿ ಬೆರಗಾದರು.

"ಇಷ್ಟೊಂದು ಎಲ್ಲಿದ್ವು ನಾಯ್ನಾ?"

"ಗಲ್ಲಾ ಹಿಂದೆ ಅಮ್ಮಾ" ಅಂದೆ.

ಮಾರನೆಯ ದಿನ ಇನ್ಸ್‌ಪೆಕ್ಟರ್ ಬಂದರು. ಟಾರ್ಚು ಹಿಡಿದು ಡಬ್ಬಿಗಳನ್ನೆಲ್ಲ ಸರಿಸಿ ನೋಡಿದರು, ಒಂದೂ ಸಿಗಲಿಲ್ಲ. ಹೋಟೆಲು ಉಳಿಯಿತು. ಓಬಳಮ್ಮನವರು ಕಾಗದದಲ್ಲಿ ಬಿಸಿ ಬಜ್ಜಿ ಕಟ್ಟಿಕೊಟ್ಟರು. ಚಳ್ಳಕೆರೆಯವರೆಗೂ ಬಸ್ಸಿನಲ್ಲಿ ಅದನ್ನು ತಿನ್ನುತ್ತಾ ಬಂದೆ. ನನ್ನ ಕೆಲಸದ ಬಗ್ಗೆ ನನಗೇ ಹೆಮ್ಮೆ ಅನಿಸಿದ ದಿನಗಳಲ್ಲಿ ಅದೊಂದು.

ಇಪ್ಪತ್ತು ದಿನ ಬಿಟ್ಟು, ಮೊಟ್ಟೆಯೊಡೆದು ಬರುವ ಮರಿಗಳಿಗೆಂದು ಮತ್ತೆ ಹೋದೆ. ಓಬಳಮ್ಮನವರು ಕೂರಿಸಿ ಟೀ ಕೊಟ್ಟರು. ನಾನು ಕುಡಿದು ಲೋಟ ಇಟ್ಟ ಮೇಲೆ ಕಣ್ಣನ್ನು ಫೋಟೊದ ಕಡೆ ಎತ್ತಿದರು. ನಾನೂ ನೋಡಿದೆ. ಸೀಮೆಎಣ್ಣೆ ಹಿಂದಿನ ರಟ್ಟಿನಿಂದ ಕಾಗದಕ್ಕೆ ಹಬ್ಬಿ ಬಣ್ಣವನ್ನೆಲ್ಲ ಕದಡಿತ್ತು. ಮೇಲೆ ಮುಖವಿದ್ದ ಜಾಗದಲ್ಲಿ ಕಂದು ಬಣ್ಣದ ಒಂದು ಮೋಡ. ಕೆಳಗೆ ಬಿಳಿ ಅಂಗಿಯ ತುದಿ, ಮೂಲೆಯಲ್ಲಿ ಸ್ಟುಡಿಯೋದ ಹೆಸರು ಮಾತ್ರ ಉಳಿದಿತ್ತು.

"ಗಲ್ಲಾ ಹಿಂದೆ ಅಂದ್ಯಲ್ಲ ಅವತ್ತು" ಅಂದರು.

"ಸುಳ್ಳು ಹೇಳ್ದೆ ಅಮ್ಮಾ. ಫೋಟೊ ಹಿಂದೆ ಇದ್ವು. ಮುಟ್ಟಬಾರ್ದು ಅಂತ ಕೆಳಗ್ಲಿಂದ ಹೊಡ್ದೆ."

"ಮುಟ್ಟಬಾರ್ದು ಅಂತ ಯಾರ್ ಹೇಳಿದ್ರು?"

"ಹಿರಿಯರ ಹಬ್ಬ ಬಿಟ್ರೆ ಇಳ್ಸಲ್ಲ ಅಂತ, ನಮ್ ಕಡೆ..."

"ನಮ್ ಕಡೆನೂ ಹಂಗೇ ಐತೆ." ನನ್ನ ಲೋಟ ಎತ್ತಿಕೊಂಡರು. "ಕೇಳಿದ್ರೆ ಇಳ್ಸಿ ಕೊಡ್ತಿದ್ನಲ್ಲ ನಾಯ್ನಾ. ಇದು ಅವ್ರ ಹೋಟ್ಲು. ಅವ್ರ ಹೋಟ್ಲು ಉಳ್ಸಾಕೆ ಅವ್ರು ಕೆಳಗಿಳೀತಿರ್ಲಿಲ್ವೇನು?"

ಬೈದಿದ್ದರೆ ಹಗುರವಾಗುತ್ತಿತ್ತು. ಹೊರಗಿನ ಊರಿನಿಂದ, ನಮ್ಮ ರೀತಿ ರಿವಾಜು ಗೊತ್ತಿಲ್ಲದವನೊಬ್ಬ ಬಂದಿದ್ದರೆ ಸೀದಾ ಫೋಟೊ ಇಳಿಸಿ ಕೊಡವಿ ಮತ್ತೆ ನೇತುಹಾಕುತ್ತಿದ್ದ. ಓಬಳಮ್ಮನವರು ಎರಡು ಮಾತು ಬೈಯುತ್ತಿದ್ದರೇನೋ, ಮುಖ ಉಳಿಯುತ್ತಿತ್ತು. ಸೀರೆಗೆ ಸೀಮೆಎಣ್ಣೆ ತಾಗಬಾರದು ಎಂದು ಕಪಾಟು ಬರಿದು ಮಾಡಿಸುತ್ತಿದ್ದ ನಾನು, ಇಲ್ಲಿ ಮರ್ಯಾದೆ ಕೊಡುವ ಭರದಲ್ಲಿ ಅದನ್ನೇ ಮರೆತಿದ್ದೆ.

ಅಂಗಡಿಗೆ ಬಂದು ನಂಜುಂಡಪ್ಪನವರಿಗೆ ಹೇಳಿದೆ. ಈ ಸಲ ಅವರು ಬೈಯಲಿಲ್ಲ. "ಸ್ಟುಡಿಯೋದಾಗೆ ಹಳೇದು ಇರ್ತೈತೆ, ಹೋಗಿ ನೋಡು. ಇನ್ನೊಂದು ಮಾಡ್ಸಿ ಕೊಡಾನ" ಅಂದರು. ಸ್ಟುಡಿಯೋ ಚಳ್ಳಕೆರೆಯದೇ. ಬಣ್ಣ ಬರೆದ ಮುದುಕ ತೀರಿಕೊಂಡಿದ್ದ, ಅವನ ಮಗ ಅಟ್ಟದಿಂದ ಹಳೆಯ ನೆಗೆಟಿವ್‌ಗಳ ಡಬ್ಬಿಗಳನ್ನು ಇಳಿಸಿಕೊಟ್ಟ. ಡಬ್ಬಿ ಬಿಚ್ಚುತ್ತಲೇ ನನಗೆ ಜಿರಳೆಯ ವಾಸನೆ ಗುರುತು ಸಿಕ್ಕಿತು. ನೆಗೆಟಿವ್ ಮೇಲಿನ ಪದರವನ್ನು ಜಿರಳೆ ಕೆರೆದು ಕೆರೆದು ತಿಂದಿದ್ದವು. ಎರಡು ಮಧ್ಯಾಹ್ನ ಕೂತು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆವು. ಉಳಿದವುಗಳಲ್ಲಿ ಓಬಳಮ್ಮನವರ ಗಂಡ ಇರಲಿಲ್ಲ. ದೊಡ್ಡದು ಮಾಡಲು ಕೊಟ್ಟ ಸಣ್ಣ ಫೋಟೊ ಅವತ್ತೇ ಕಳೆದಿತ್ತಂತೆ. ಬೇರೆ ಫೋಟೊ ಅವರ ಮನೆಯಲ್ಲಿ ಇರಲಿಲ್ಲ.

ಹೋಗಿ ಹೇಳಿದಾಗ ಓಬಳಮ್ಮನವರು, "ಹೋಗ್ಲಿ ಬಿಡು. ನಂಗೆ ಮುಖ ಗೊತ್ತೈತಲ್ಲ" ಅಂದರು. ಫೋಟೊ ತೆಗೆಯಲಿಲ್ಲ. ಹಾರ, ಬಲ್ಬು ಎಲ್ಲ ಹಾಗೇ ಇತ್ತು. ನನ್ನನ್ನೂ ಬಿಡಿಸಲಿಲ್ಲ. ಮೂರು ತಿಂಗಳಿಗೊಮ್ಮೆ ಮುಂಬಾಗಿಲಿನಿಂದಲೇ ಹೋಗುತ್ತಿದ್ದೆ. ಆ ಗೋಡೆಯ ಕಡೆ ಮಾತ್ರ ತಲೆ ಎತ್ತುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕೆಲಸದ ರೀತಿಯೇ ಬದಲಾಯಿತು. ನಂಜುಂಡಪ್ಪನವರು ಅಂಗಡಿ ಮುಚ್ಚಿದರು, ನಾನು ದಾವಣಗೆರೆಯ ಒಂದು ಕಂಪನಿಗೆ ಸೇರಿದೆ. ಪಂಪು ಹೋಗಿ ಸಿರಿಂಜು ಬಂತು. ಸಾಸಿವೆಯಷ್ಟು ಅಂಟು ಮದ್ದನ್ನು ಸಂದಿನಲ್ಲಿ ಇಟ್ಟರೆ ಸಾಕು, ಜಿರಳೆ ತಿಂದು ಗೂಡಿಗೆ ಹೋಗಿ ಸಾಯುತ್ತದೆ, ಸತ್ತದ್ದನ್ನು ತಿಂದು ಮಿಕ್ಕವೂ ಸಾಯುತ್ತವೆ. ವಾಸನೆಯಿಲ್ಲ, ಕಲೆಯಿಲ್ಲ, ಪಾತ್ರೆ ಹೊರಗಿಡುವ ರಗಳೆಯಿಲ್ಲ. ರಾಶಿ ರಾಶಿ ಸತ್ತು ಬೀಳದ ಹೊರತು ಇದೆಂಥ ಔಷಧಿ ಎಂದು ಮೊದಮೊದಲು ನನಗೇ ನಂಬಿಕೆ ಇರಲಿಲ್ಲ. ಹಳೆಯ ಔಷಧಿ ಹೊಡೆದ ಜಾಗದ ಪಕ್ಕದಲ್ಲೇ ಅದನ್ನು ಇಟ್ಟು, ಒಂದೂ ಮುಟ್ಟದೆ ಇದ್ದಾಗ ಮದ್ದನ್ನೇ ಬೈದೆ. ಸ್ಪ್ರೇ ವಾಸನೆ ಇದ್ದಲ್ಲಿ ಜಿರಳೆ ಅದನ್ನು ತಿನ್ನುವುದಿಲ್ಲ ಎಂದು ಕಲಿಯಲು ನನಗೆ ಆರು ತಿಂಗಳು ಹಿಡಿಯಿತು.

ಕಂಪನಿಯಲ್ಲಿ ಎಲ್ಲಕ್ಕೂ ಒಂದು ಫಾರಂ. ಒಲೆ, ತೊಟ್ಟಿ, ಫ್ರಿಜ್ಜು, ಚರಂಡಿ ಎಂದು ಜಾಗಗಳ ಪಟ್ಟಿ, ನೋಡಿದ್ದಕ್ಕೆ ಗುರುತು ಹಾಕಬೇಕು. ಕೊನೆಗೆ ನಾನು ಪೆನ್ನಿನಲ್ಲಿ ಒಂದು ಸಾಲು ಸೇರಿಸುತ್ತಿದ್ದೆ: ದೇವರ ಫೋಟೊ, ಹಿರಿಯರ ಫೋಟೊ, ಮನೆಯವರನ್ನು ಕೇಳಿ ಅವರ ಕೈಯಿಂದಲೇ ಇಳಿಸುವುದು. ನನಗಿಂತ ಬಹಳ ಚಿಕ್ಕವರಾದ ಮ್ಯಾನೇಜರು, "ಇದು ನಮ್ಮ ಪುಸ್ತಕದಲ್ಲಿಲ್ವಲ್ಲ ತಿಪ್ಪೇಸ್ವಾಮಿ" ಅಂದರು. ಇಲ್ಲ ಸಾರ್ ಅಂದೆ. ಮುಂದಿನ ಫಾರಂನಲ್ಲೂ ಬರೆದೆ. ಆಮೇಲೆ ಅವರು ಕೇಳುವುದನ್ನು ಬಿಟ್ಟರು.

ಸಿರಿಂಜು ಕೈಗೆ ಬಂದ ಮೇಲೆ ಓಬಳಮ್ಮನವರಲ್ಲಿಗೆ ಹೋಗಿ, "ಅಮ್ಮಾ, ಫೋಟೊ ಇಳ್ಸಿ ಕೊಡ್ತೀರಾ?" ಎಂದು ಕೇಳಿದೆ. ಕೇಳಲು ನನಗೆ ಅಷ್ಟು ವರ್ಷ ಬೇಕಾಯಿತು. ಅವರು ಬಲ್ಬು ಆರಿಸಿ, ತಾವೇ ಬೆಂಚು ಹತ್ತಿ ಇಳಿಸಿ, ಮುಖದ ಕಡೆಯನ್ನು ಎದೆಗೆ ಒತ್ತಿ ಹಿಡಿದು ನಿಂತರು. ನಾನು ಹಿಂಬದಿಯ ಅಂಚಿಗೆ ಎರಡು ಚುಕ್ಕೆ ಮದ್ದು ಇಟ್ಟೆ. ಅಲ್ಲಿಂದ ಮೇಲೆ ಪ್ರತಿ ಸಲ ಅದೇ ಕ್ರಮ.

ಅವರ ಮಗನಿಗೆ ಮದುವೆಯಾದ ವರ್ಷ ಹಾಗೇ ಒಂದು ಮಧ್ಯಾಹ್ನ ಹೋಗಿದ್ದೆ. ಓಬಳಮ್ಮನವರು ಫೋಟೊವನ್ನು ಎದೆಗವಚಿಕೊಂಡು ನಿಂತಿದ್ದರು, ನಾನು ಮದ್ದು ಇಡುತ್ತಿದ್ದೆ. ಹೊಸ ಸೊಸೆ ಈರುಳ್ಳಿ ಹೆಚ್ಚುತ್ತಿದ್ದಳು. ಹೆಚ್ಚುವುದನ್ನು ನಿಲ್ಲಿಸಿ ಕೇಳಿದಳು.

"ಅತ್ತೆ, ಮಾವ ನೋಡಾಕೆ ಹೆಂಗಿದ್ರು? ಇವ್ರನ್ನ ಕೇಳಿದ್ರೆ ಗೊತ್ತಿಲ್ಲ ಅಂತಾರೆ."

"ಅವ್ನು ಆವಾಗ ತೊಟ್ಲಾಗಿದ್ದ, ಅವ್ನಿಗೇನ್ ಗೊತ್ತು. ನಾನ್ ಹೇಳಿದ್ರೆ ಗಂಡನ್ನ ಹೊಗಳ್ಕಂಡಂಗಾಗ್ತೈತೆ." ಓಬಳಮ್ಮನವರು ನಕ್ಕು ನನ್ನ ಕಡೆ ಗದ್ದ ಎತ್ತಿದರು. "ಇವ್ರನ್ನ ಕೇಳು. ಫೋಟೊ ಚೆಂದಾಗಿದ್ದಾಗ ಒಂದ್ ಮಧ್ಯಾಹ್ನ ಪೂರ್ತಿ ನೋಡ್ಕಂತಾ ಕುಂತಿದ್ರು."

ಅದರಲ್ಲಿ ಕುಹಕವಿರಲಿಲ್ಲ. ನಾನು ನೋಡಿದ್ದೇನೆ ಎಂದೇ ಅವರು ನಂಬಿದ್ದರು. ನೆನಪು ಮಾಡಿಕೊಳ್ಳಲು ನೋಡಿದೆ. ಚೌಕಟ್ಟು ನೆನಪಾಯಿತು, ಕರಿ ಬಣ್ಣದ್ದು, ಎಡ ಮೂಲೆಯಲ್ಲಿ ಸೀಳು ಬಿಟ್ಟಿತ್ತು. ಬಲ್ಬಿನ ವೈರಿಗೆ ಸುತ್ತಿದ ಹಸಿರು ಟೇಪು ನೆನಪಾಯಿತು. ಗೋಡೆಯ ಮೇಲಿನ ಹಿಕ್ಕೆಯ ಗೆರೆ ಎಲ್ಲಿಂದ ಎಲ್ಲಿಯವರೆಗೆ ಇತ್ತು ಎಂದು ಈಗಲೂ ಬರೆದು ತೋರಿಸಬಲ್ಲೆ. ಮುಖ ನೆನಪಾಗಲಿಲ್ಲ. ಅಷ್ಟು ಹೊತ್ತು ಕೂತವನು, ಕೈ ಮುಗಿದವನು, ನಾನು ಆ ಮುಖ ನೋಡಿರಲೇ ಇಲ್ಲ. ಸೊಸೆ ಕಾಯುತ್ತಿದ್ದಳು.

"ಒಳ್ಳೆ ಲಕ್ಷಣವಾಗಿದ್ರಮ್ಮಾ" ಅಂದೆ. "ಅಗಲ ಹಣೆ, ದಪ್ಪ ಮೀಸೆ."

ಸೊಸೆ ಅತ್ತೆಯ ಮುಖ ನೋಡಿದಳು. ಓಬಳಮ್ಮನವರು ಹೂಂ ಎಂದು ತಲೆಯಾಡಿಸಿದರು. ಅವಳು ಸಮಾಧಾನದಿಂದ ಈರುಳ್ಳಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅವಳು ಒಳಗೆ ಹೋದದ್ದನ್ನು ನೋಡಿಕೊಂಡು ಓಬಳಮ್ಮನವರು, "ಅವ್ರು ಮೀಸೆ ಬಿಡ್ತಿರ್ಲಿಲ್ಲ ನಾಯ್ನಾ" ಎಂದು ನನಗಷ್ಟೇ ಕೇಳುವಂತೆ ಹೇಳಿ, ಬೆಂಚು ಹತ್ತಿ ಫೋಟೊವನ್ನು ಮೊಳೆಗೆ ಹಾಕಿ, ಬಲ್ಬು ಹೊತ್ತಿಸಿದರು.